ಎರವಲು ವಾದ್ಯವೂ ಅಪರಿಗ್ರಹದ ಮಾತೂ

ಸಂಗೀತದ ಅಭ್ಯಾಸವಿರುವ ಶ್ರಾವಕರ ಮನೆಯ ಬಾಗಿಲಿಗೆ ವರ್ಷದಲ್ಲಿ ನಾಲ್ಕಾರು ಬಾರಿಯಾದರೂ ಒಂದು ಬೇಡಿಕೆ ಬಂದೇ ಬರುತ್ತದೆ. "ಮಗಳ ನಿಶ್ಚಿತಾರ್ಥ, ಹಾರ್ಮೋನಿಯಂ ಎರಡು ದಿನದ ಮಟ್ಟಿಗೆ ಬೇಕು." "ಭಜನಾ ಮಂಡಳಿಯ ತಬಲ ಹರಿದಿದೆ, ನಿಮ್ಮದನ್ನು ಕಳುಹಿಸಿಕೊಡಿ." "ತಂಬೂರಿ ನಿಮ್ಮಲ್ಲಿ ಸುಮ್ಮನೆ ನಿಂತಿದೆಯಲ್ಲ, ಹುಡುಗ ಆಸೆಪಡುತ್ತಿದ್ದಾನೆ." ಕೇಳುವವರು ಅಪರಿಚಿತರಲ್ಲ, ಒಂದೇ ಬಸದಿಯಲ್ಲಿ ಕೈಮುಗಿಯುವವರು, ಒಂದೇ ಪಂಕ್ತಿಯಲ್ಲಿ ಉಣ್ಣುವವರು. ಮನೆಯವರು ಒಂದು ಗಳಿಗೆ ಹಿಂಜರಿದರೆ ಸಾಕು, ಎರಡನೆಯ ಮಾತು ಸಿದ್ಧವಾಗಿರುತ್ತದೆ: "ಅಪರಿಗ್ರಹವನ್ನು ಬೋಧಿಸುವ ಧರ್ಮದಲ್ಲಿ ಹುಟ್ಟಿ ಒಂದು ಮರದ ಪೆಟ್ಟಿಗೆಗೆ ಇಷ್ಟು ಅಂಟಿಕೊಳ್ಳಬಹುದೆ?" ಈ ಮಾತಿನ ಮುಂದೆ ಬಾಯಿ ಕಟ್ಟುತ್ತದೆ. ವಾದ್ಯ ಹೊರಟುಹೋಗುತ್ತದೆ. ಎರಡು ದಿನವೆಂದು ಹೋದದ್ದು ಎರಡು ತಿಂಗಳಾದರೂ ಬರುವುದಿಲ್ಲ, ಬಂದಾಗ ಹೋದಂತಿರುವುದಿಲ್ಲ. ಕೊಟ್ಟವರು ಏನನ್ನೂ ಹೇಳುವುದಿಲ್ಲ. ಆದರೆ ಎರಡು ಮನೆಗಳ ನಡುವಿನ ಮಾತು ಅಂದಿನಿಂದ ಕಡಿಮೆಯಾಗುತ್ತ ಬರುತ್ತದೆ.

ಇದನ್ನು ಕ್ಷುಲ್ಲಕ ವಿಷಯವೆಂದು ತಳ್ಳಿಹಾಕುವವರಿದ್ದಾರೆ. ಆದರೆ ಅಣುವ್ರತಗಳು ಪರೀಕ್ಷೆಗೆ ಒಳಗಾಗುವುದು ಇಂಥ ಕ್ಷುಲ್ಲಕ ವಿಷಯಗಳಲ್ಲಿಯೇ. ಲಕ್ಷ ರೂಪಾಯಿಯ ಸಾಲವನ್ನು ಪತ್ರ ಬರೆಯಿಸಿಕೊಂಡೇ ಕೊಡುವ ಗೃಹಸ್ಥನು ತನ್ನ ಮಗನ ತಬಲವನ್ನು ಬಾಯಿಮಾತಿನ ಮೇಲೆ ಕೊಡುತ್ತಾನೆ; ಲಕ್ಷ ರೂಪಾಯಿಯನ್ನು ಬಡ್ಡಿಸಹಿತ ತೀರಿಸುವ ಪ್ರಾಮಾಣಿಕನು ತಬಲವನ್ನು ಅಟ್ಟದ ಮೇಲೆ ಮರೆಯುತ್ತಾನೆ. ವ್ರತವು ಸೋರಿಹೋಗುವ ಕಂಡಿ ಇದೇ. ಆದ್ದರಿಂದ ವಾದ್ಯಗಳನ್ನು ಸ್ನೇಹಿತರಿಗೆ ಎರವಲು ಕೊಡಬೇಕೆ, ಕೊಡಬಾರದೆ ಎಂಬ ಪ್ರಶ್ನೆಯನ್ನು ಶಾಸ್ತ್ರದ ದೃಷ್ಟಿಯಿಂದಲೂ ವ್ಯವಹಾರದ ದೃಷ್ಟಿಯಿಂದಲೂ ವಿಚಾರಿಸುವುದು ಅವಶ್ಯಕವಾಗಿದೆ.

ಮೊದಲು ಆ ಅಪರಿಗ್ರಹದ ಮಾತನ್ನೇ ತೆಗೆದುಕೊಳ್ಳೋಣ. ಪರಿಗ್ರಹವೆಂದರೆ ಮೂರ್ಛೆ ಎಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಲಕ್ಷಣ ಹೇಳಿದ್ದಾರೆ. ಮೂರ್ಛೆಯು ವಸ್ತುವಿನಲ್ಲಿಲ್ಲ, ವಸ್ತುವನ್ನು ಕುರಿತು 'ಇದು ನನ್ನದು' ಎಂದು ಕವಿಯುವ ಮೋಹದಲ್ಲಿದೆ. ಆ ಮೋಹ ತನಗಿದೆಯೆ ಎಂದು ನೋಡಿಕೊಳ್ಳಬೇಕಾದವನು ಯಾರು? ತನ್ನ ತನ್ನ ಆತ್ಮದ ಮಟ್ಟಿಗೆ ಪ್ರತಿಯೊಬ್ಬನೂ. ಅಪರಿಗ್ರಹವು ಸ್ವಯಂ ಸ್ವೀಕರಿಸುವ ವ್ರತ. ಒಬ್ಬನ ವ್ರತವು ಇನ್ನೊಬ್ಬನ ಗಂಟಿನ ಮೇಲೆ ಬರೆದ ಹುಂಡಿಯಾಗಲಾರದು. ತನ್ನ ಕೈಯಲ್ಲಿ ಇಲ್ಲದ ವಸ್ತುವನ್ನು ಬಯಸಿ, ಅದು ಇರುವವನಿಗೆ ಅಪರಿಗ್ರಹವನ್ನು ಬೋಧಿಸುವವನ ಮನಸ್ಸಿನಲ್ಲಿ ಆ ಗಳಿಗೆಯಲ್ಲಿ ಇರುವುದಾದರೂ ಏನು? ಆ ವಸ್ತುವಿನ ಮೇಲಿನ ಆಸೆ. ಮೂರ್ಛೆಯನ್ನು ಹುಡುಕುವುದಾದರೆ ಹೊಸ್ತಿಲಿನ ಒಳಗೆ ನಿಂತವನಲ್ಲಿ ಹುಡುಕುವ ಮೊದಲು ಹೊರಗೆ ನಿಂತವನಲ್ಲಿ ಹುಡುಕಬೇಕಾಗುತ್ತದೆ. ಉತ್ತಮ ಆಕಿಂಚನ್ಯವು ದಶಲಕ್ಷಣ ಧರ್ಮಗಳಲ್ಲಿ ಒಂಬತ್ತನೆಯದು. ಅದಕ್ಕೂ ಮುಂಚೆ ಬರುವ ಸತ್ಯವನ್ನೂ ಸಂಯಮವನ್ನೂ ಹಾರಿ ಅದನ್ನು ಮುಟ್ಟಲು ಬಾರದು.

ಎರಡನೆಯದಾಗಿ, ವಾದ್ಯವೆಂಬ ವಸ್ತುವಿನ ಸ್ವರೂಪವನ್ನು ಅರಿಯದೆ ಎರವಲು ಕೇಳುವವರೇ ಹೆಚ್ಚು. ಮದುವೆಗೆ ಕೊಪ್ಪರಿಗೆಯನ್ನು ತಂದಂತೆ ಹಾರ್ಮೋನಿಯಂ ತರಬಹುದೆಂದು ಅವರು ತಿಳಿಯುತ್ತಾರೆ. ಕೊಪ್ಪರಿಗೆ ಸ್ವಲ್ಪ ಜಜ್ಜಿದರೂ ಪಾಯಸ ಕೆಡುವುದಿಲ್ಲ. ಹಾರ್ಮೋನಿಯಂ ಹಾಗಲ್ಲ. ಅದರೊಳಗಿನ ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ಹೆರೆದು ಸ್ವರಕ್ಕೆ ಕೂಡಿಸಿರುತ್ತಾರೆ. ಹಾರ್ಮೋನಿಯಂ ರೀಡುಗಳಿಗೆ ದೇಶದಲ್ಲೆಲ್ಲ ಹೆಸರಾದ ಊರು ಗುಜರಾತಿನ ಪಾಲಿತಾಣ. ಶತ್ರುಂಜಯ ತೀರ್ಥದ ಬುಡದಲ್ಲಿರುವ ಪಾಲಿತಾಣವೇ ಅದು. ಒಂದು ರೀಡಿನ ನಾಲಿಗೆಯ ಕೆಳಗೆ ಧೂಳಿನ ಕಣ ಸೇರಿದರೆ ಆ ಸ್ವರ ಮೂಕವಾಗುತ್ತದೆ. ತೇವ ತಾಗಿದರೆ ಕಿಲುಬು ಹಿಡಿದು ಶ್ರುತಿ ಇಳಿಯುತ್ತದೆ. ತಿದಿಯನ್ನು ಹಿಡಿದು ಎತ್ತಿದರೆ ಅದರ ಮಡಿಕೆ ಬಿರಿದು ಗಾಳಿ ಸೋರುತ್ತದೆ. ಮದುವೆಯ ಮನೆಯಲ್ಲಿ ಅದರ ಮೇಲೆ ತಾಂಬೂಲದ ತಟ್ಟೆಯನ್ನು ಇಡುವವರಿಗೆ ಇದಾವುದೂ ತಿಳಿದಿರುವುದಿಲ್ಲ.

ತಂಬೂರಿಯ ಸೂಕ್ಷ್ಮತೆ ಇನ್ನೂ ಹೆಚ್ಚಿನದು. ಬೆಳಗಾವಿ, ಹುಬ್ಬಳ್ಳಿ, ಧಾರವಾಡದ ಕಡೆಯ ಗಾಯಕರು ಆಶ್ರಯಿಸಿಕೊಂಡು ಬಂದಿರುವ ಮಿರಜಿನ ತಂಬೂರಿಗೂ ಸಿತಾರಿಗೂ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದರ ಬುರುಡೆ ಒಣಗಿದ ಸೋರೆಕಾಯಿ. ಬಸ್ಸಿನ ಕಂಬಿಗೆ ಒಂದು ಸಲ ತಾಗಿದರೆ ಸೀಳುತ್ತದೆ. ಸೀಳಿದ್ದನ್ನು ಅಂಟಿಸಬಹುದು, ಆದರೆ ಮೊದಲಿನ ನಾದ ಮರಳುವ ಭರವಸೆಯಿಲ್ಲ. ಕುದುರೆಯ ಮೇಲೆ ತಂತಿ ತಾಗುವ ಜವಾರಿಯನ್ನು ಕುಶಲಿಯು ದಿನಗಟ್ಟಲೆ ಕುಳಿತು ತಿದ್ದಿರುತ್ತಾನೆ. 'ಸ್ವಲ್ಪ ಉಜ್ಜಿ ಸ್ವಚ್ಛ ಮಾಡಿದೆ' ಎಂದು ಹೇಳುವ ಒಬ್ಬ ಅತ್ಯುತ್ಸಾಹಿಯ ಕೈಯಲ್ಲಿ ಅದು ಐದು ನಿಮಿಷದಲ್ಲಿ ಹಾಳಾಗುತ್ತದೆ. ಇನ್ನು ಮೃದಂಗದ ಎಡದ ಮುಖಕ್ಕೆ ರವೆಯ ಕಣಕವನ್ನು ಹಚ್ಚಿ ನುಡಿಸುವ ಪದ್ಧತಿ ಇದೆ. ಕಛೇರಿ ಮುಗಿದ ಕೂಡಲೇ ಅದನ್ನು ತೆಗೆದು ಒರೆಸದಿದ್ದರೆ ಚರ್ಮ ಕೆಡುತ್ತದೆ. ಒಡೆಯನು ನೂರು ಸಲ ನುಡಿಸಿದರೂ ನೂರು ಸಲ ಒರೆಸುತ್ತಾನೆ. ಎರವಲು ತಂದವನು ಮೊದಲನೆಯ ಸಲವೇ ಮರೆಯುತ್ತಾನೆ. ಹೀಗೆ ವಾದ್ಯವು ನುಡಿಸುವವನ ಸಾಧನೆಯ ಒಂದು ಭಾಗವೇ ಆಗಿರುತ್ತದೆ. ಮುಂದಿನ ತಿಂಗಳು ಸಂಗೀತದ ಪರೀಕ್ಷೆಗೆ ಕುಳಿತುಕೊಳ್ಳಬೇಕಾದ ಹುಡುಗಿಯ ತಂಬೂರಿಯನ್ನು ತಂದೆಯು ದಾಕ್ಷಿಣ್ಯದಿಂದ ಕೊಟ್ಟು ಕಳುಹಿಸಿದರೆ, ಆತನು ಕೊಟ್ಟದ್ದು ಮರವನ್ನೂ ತಂತಿಯನ್ನೂ ಮಾತ್ರವಲ್ಲ. ಆ ಮಗುವಿನ ಮೂವತ್ತು ಮುಂಜಾನೆಗಳನ್ನು ಸಹ ಕೊಟ್ಟಂತಾಯಿತು. ಅವು ಆತನ ಸ್ವತ್ತಾಗಿರಲಿಲ್ಲ.

ವಾದ್ಯವನ್ನು ಹಿಂದಿರುಗಿಸುವ ರೀತಿಯನ್ನು ಈಗ ಪರಿಶೀಲಿಸಬಹುದು. ಒಂದೇ ಒಂದು ಎರವಲಿನಲ್ಲಿ ಎಷ್ಟು ಅತಿಚಾರಗಳು ಘಟಿಸಬಲ್ಲವೆಂಬುದನ್ನು ಕಂಡರೆ ಆಶ್ಚರ್ಯವಾಗುತ್ತದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಒಂದು: ಕೊಳ್ಳುವಾಗ ದೊಡ್ಡ ಅಳತೆ, ಕೊಡುವಾಗ ಚಿಕ್ಕ ಅಳತೆ. ಧಾನ್ಯದ ಅಂಗಡಿಯವರಿಗೆ ಮಾತ್ರ ಈ ಮಾತು ಅನ್ವಯಿಸುತ್ತದೆಂದು ತಿಳಿಯುವುದು ತಪ್ಪು. ಪೂರ್ಣ ಶ್ರುತಿಯಲ್ಲಿದ್ದ ಹಾರ್ಮೋನಿಯಮನ್ನು ಒಯ್ದು ಎರಡು ಸ್ವರ ಮೂಕವಾದದ್ದನ್ನು ಹಿಂದಿರುಗಿಸಿದವನು ಸೇರು ಕೊಂಡು ಮುಕ್ಕಾಲು ಸೇರು ಅಳೆದುಕೊಟ್ಟವನಿಗಿಂತ ಯಾವ ರೀತಿಯಲ್ಲಿ ಭಿನ್ನನು? ಮತ್ತೊಂದು ಅತಿಚಾರ ಪ್ರತಿರೂಪಕ ವ್ಯವಹಾರ, ಅಂದರೆ ಅಸಲಿನ ಸ್ಥಾನದಲ್ಲಿ ಅದರಂತೆ ಕಾಣುವ ಕೀಳು ವಸ್ತುವನ್ನು ಸೇರಿಸುವುದು. ಹರಿದ ತಬಲದ ಪುಡಿಯನ್ನು ಅಗ್ಗದ ಪುಡಿಯಿಂದ ಬದಲಾಯಿಸಿ ಏನೂ ಆಗಿಲ್ಲವೆಂಬಂತೆ ತಂದಿಡುವುದು, ಕೆಟ್ಟ ಮೈಕಿನ ಜಾಗದಲ್ಲಿ ಅದೇ ಬಣ್ಣದ ಬೇರೊಂದನ್ನು ಸಿಕ್ಕಿಸುವುದು ಇದಲ್ಲದೆ ಮತ್ತೇನು?

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಅದು ನ್ಯಾಸಾಪಹಾರ. ಇದನ್ನು ಅಚೌರ್ಯದ ಅತಿಚಾರಗಳಲ್ಲಿ ಸೇರಿಸದೆ ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿರುವುದು ಗಮನಿಸಬೇಕಾದ ಸಂಗತಿ. ತತ್ತ್ವಾರ್ಥಸೂತ್ರದಲ್ಲಿಯೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಅದು ಅಲ್ಲಿಯೇ ಇದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆಯ ತಾತ್ಪರ್ಯ ಹೀಗಿದೆ: ಹಣವನ್ನು ನಿಕ್ಷೇಪವಾಗಿಟ್ಟವನು ಅದರ ಮೊತ್ತವನ್ನು ಮರೆತು, ಇಟ್ಟದ್ದಕ್ಕಿಂತ ಕಡಿಮೆ ಕೇಳಿದಾಗ, ಇಟ್ಟುಕೊಂಡವನು 'ಹೌದು, ಅಷ್ಟೇ' ಎಂದು ಒಪ್ಪಿಬಿಡುವುದು. ಇಲ್ಲಿ ಬಲಾತ್ಕಾರವಿಲ್ಲ, ಕನ್ನವಿಲ್ಲ. ಇನ್ನೊಬ್ಬನ ಮರೆವಿಗೆ ತನ್ನ ಒಪ್ಪಿಗೆಯನ್ನು ಸೇರಿಸಿದ್ದಷ್ಟೇ ಅಪರಾಧ. ತಬಲದ ಜೊತೆಗೆ ಸುತ್ತಿಗೆಯನ್ನೂ ಸಿಂಬೆಯನ್ನೂ ಕೊಟ್ಟಿದ್ದೆನೆಂಬುದು ಒಡೆಯನಿಗೆ ನೆನಪಿಲ್ಲ, ತಂದವನಿಗೆ ನೆನಪಿದೆ, ಅವನು ಬರಿಯ ತಬಲವನ್ನು ಇಟ್ಟು ಕೈಮುಗಿದು ಹೊರಡುತ್ತಾನೆ. ಹಾರ್ಮೋನಿಯಂ ಜಾರಿ ಬಿದ್ದದ್ದನ್ನು ಹೇಳದೆ, ಒಡೆಯನು ಅದನ್ನು ತೆರೆದು ನೋಡುವ ಮೊದಲೇ ಮಾತನ್ನು ಬೇರೆ ಕಡೆಗೆ ತಿರುಗಿಸುತ್ತಾನೆ. ಈ ಮೌನವನ್ನು ಸುಳ್ಳಿನ ಸಾಲಿನಲ್ಲಿ ಸೇರಿಸಿದ ಆಚಾರ್ಯರ ದೃಷ್ಟಿ ಎಷ್ಟು ದೂರ ಸಾಗಿತ್ತೆಂಬುದು ಇಂದಿನ ಶ್ರಾವಕರಿಗೆ ಹೊಳೆಯಬೇಕು.

ಇದಕ್ಕೆ ಅಹಿಂಸೆಯ ಮುಖವೊಂದಿದೆ. ಅದನ್ನು ಯಾರೂ ಎತ್ತುವುದಿಲ್ಲ. ತಬಲದ ಮುಖ ಆಡಿನ ಚರ್ಮ. ಮೃದಂಗಕ್ಕೆ ಆಡು, ಹಸು, ಎಮ್ಮೆಗಳ ಚರ್ಮವನ್ನು ಬಳಸುವ ಸಂಪ್ರದಾಯವಿದೆ. ಈ ಕಾರಣದಿಂದಲೇ ಚರ್ಮವಾದ್ಯವನ್ನು ಮನೆಗೆ ತರಲು ಸಂಕೋಚಪಡುವ ಶ್ರಾವಕರಿದ್ದಾರೆ; ಅವರ ಸಂಕೋಚವು ಗೌರವಾರ್ಹವಾದದ್ದು. ಈಗ ಕೃತಕ ಹಾಳೆಯ ಮುಖವಿರುವ ವಾದ್ಯಗಳೂ ದೊರೆಯುತ್ತವೆ. ಆದರೆ ಚರ್ಮವಾದ್ಯವು ಮನೆಯಲ್ಲಿ ಇದ್ದೇ ಇದೆಯೆಂದಾದ ಮೇಲೆ ಅದನ್ನು ಜೋಪಾನ ಮಾಡಿ ದೀರ್ಘಕಾಲ ಬಾಳಿಸುವುದೊಂದೇ ಆ ಜೀವಕ್ಕೆ ತೋರಬಹುದಾದ ಅಲ್ಪ ಮರ್ಯಾದೆ. ಬಿಸಿಲಿನಲ್ಲಿ ಬಿಟ್ಟು ಸೀಳಿಸಿದ ತಬಲಕ್ಕೆ ಹೊಸ ಪುಡಿ ಬೇಕು. ಹೊಸ ಪುಡಿಗೆ ಹೊಸ ಚರ್ಮ ಬೇಕು. ಎರವಲು ತಂದವನ ಒಂದು ಮಧ್ಯಾಹ್ನದ ಅಜಾಗರೂಕತೆಯ ಬೆಲೆಯನ್ನು ಹೀಗೆ ತೆರಬೇಕಾಗುವುದು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಮಾದವೇ ಹಿಂಸೆಯ ಮೂಲವೆಂದು ಸೂತ್ರಕಾರರು ಹೇಳಿರುವುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇಕಿಲ್ಲ.

ಇಷ್ಟು ಹೇಳಿದ ಮೇಲೆ ತಪ್ಪೆಲ್ಲ ತೆಗೆದುಕೊಂಡವನದೇ ಎಂದು ಕೊಟ್ಟವರು ನಿಟ್ಟುಸಿರು ಬಿಡುವಂತಿಲ್ಲ. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆಯನ್ನು ಹೇಳಿ ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳುವವರು ಆ ಕೋಡಂಗಿಯ ಪದವಿಯನ್ನು ತಾವಾಗಿಯೇ ಪಡೆದುಕೊಂಡವರು. ಮನಸ್ಸಿನಲ್ಲಿ 'ಬೇಡ' ಎಂದಿದ್ದು ಬಾಯಲ್ಲಿ 'ಅದಕ್ಕೇನಂತೆ, ಒಯ್ಯಿರಿ' ಎಂದವನು ಆಡಿದ್ದು ಸುಳ್ಳು. ಕೊಟ್ಟ ದಿನದಿಂದ ಬಂದ ದಿನದವರೆಗೆ ಆತನು ಆ ವಾದ್ಯವನ್ನು ಕುರಿತು ಕುದಿಯುತ್ತಾನೆ. ಒಯ್ದವನನ್ನು ಮನೆಯವರ ಮುಂದೆ ನಿಂದಿಸುತ್ತಾನೆ. ಆರ್ತಧ್ಯಾನದಲ್ಲಿ ದಿನ ಕಳೆಯುತ್ತಾನೆ. ಹೊರಗೆ ಔದಾರ್ಯ, ಒಳಗೆ ಕಷಾಯ. ಇಂಥ ಕೊಡುಗೆಯಿಂದ ಪುಣ್ಯಬಂಧವಾಗುತ್ತದೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಉಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದು ಧರ್ಮಾಧರ್ಮದ ವಿಷಯವೆಂಬುದು ಜೈನಾಚಾರ್ಯರಿಗೆ ಹೊಸದಲ್ಲ. ಅನರ್ಥದಂಡದ ಪ್ರಕಾರಗಳಲ್ಲಿ ಹಿಂಸಾದಾನವೂ ಒಂದು. ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಸಂಕೋಲೆ ಮೊದಲಾದ ಹಿಂಸೆಗೆ ಸಾಧನವಾಗುವ ವಸ್ತುಗಳನ್ನು ಕೊಡುವುದನ್ನು ಸಮಂತಭದ್ರರು ಅದರಲ್ಲಿ ಎಣಿಸಿದ್ದಾರೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ನೇಗಿಲು, ಒನಕೆ, ಒರಳುಗಳನ್ನು ಸಹ ಈ ಪಟ್ಟಿಯಲ್ಲಿ ಸೇರಿಸಿ, ದಾಕ್ಷಿಣ್ಯದ ವ್ಯಾಪ್ತಿಗೆ ಹೊರತಾದ ಕಡೆ ಕರುಣೆಯುಳ್ಳವನು ಇವುಗಳನ್ನು ಕೊಡಬಾರದೆಂದು ವಿಧಿಸಿದ್ದಾರೆ. ಇಲ್ಲಿ ಎರಡು ಅಂಶಗಳು ಸ್ಪಷ್ಟ. ಕೊಟ್ಟ ವಸ್ತುವಿನಿಂದ ಆಗುವ ಕೆಡುಕಿನಲ್ಲಿ ಕೊಟ್ಟವನಿಗೂ ಪಾಲಿದೆ. ದಾಕ್ಷಿಣ್ಯಕ್ಕೂ ಒಂದು ಗಡಿಯಿದೆ. ಕನ್ನಡದಲ್ಲಿ ದಾಕ್ಷಿಣ್ಯವೆಂದರೆ 'ಇಲ್ಲ' ಎನ್ನಲಾರದ ದೌರ್ಬಲ್ಯ ಎಂಬಷ್ಟಕ್ಕೇ ಅರ್ಥ ಸೊರಗಿಹೋಗಿದೆ. ಇಂದಿನ ದಿನ ಈ ವಿಧಿಯನ್ನು ಧ್ವನಿವರ್ಧಕಕ್ಕೆ ಅನ್ವಯಿಸಿ ನೋಡಬಹುದು. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಸ್ಥಳದಲ್ಲಿ ಅದರ ಬಳಕೆಗೆ ಸಾಮಾನ್ಯವಾಗಿ ನಿರ್ಬಂಧವಿದೆ. ಗೆಳೆಯನ ಮನೆಯ ಸಮಾರಂಭಕ್ಕೆ ಕೊಟ್ಟ ಪೆಟ್ಟಿಗೆ ನಡುರಾತ್ರಿಯವರೆಗೆ ಅರಚಿ ಪಕ್ಕದ ಬೀದಿಯ ರೋಗಿಯ ನಿದ್ದೆಯನ್ನು ಕೆಡಿಸಿದರೆ, 'ನುಡಿಸಿದವರು ಅವರು' ಎಂದು ಹೇಳಿ ಒಡೆಯನು ಕೈತೊಳೆದುಕೊಳ್ಳಲಾರನು.

ಹಾಗಾದರೆ ವಾದ್ಯವನ್ನು ಯಾರಿಗೂ ಕೊಡದೆ ಬೀಗ ಹಾಕಿಡಬೇಕೆ? ಈ ತೀರ್ಮಾನಕ್ಕೆ ಹಾರುವವರಿಗೂ ಉತ್ತರ ಹೇಳಲೇಬೇಕು. ಗಾಜಿನ ಕಪಾಟಿನಲ್ಲಿ ಅಜ್ಜನ ಕಾಲದ ವೀಣೆ, ಅದರ ಪಕ್ಕದಲ್ಲಿ ಯಾರೂ ಮುಟ್ಟದ ಹಾರ್ಮೋನಿಯಂ. ಮನೆಯಲ್ಲಿ ಸರಿಗಮ ಬಲ್ಲವರು ಒಬ್ಬರೂ ಇಲ್ಲ. ಬಂದವರಿಗೆ ತೋರಿಸಿ ಹೆಮ್ಮೆಪಡುವುದಕ್ಕೆ ಮಾತ್ರ ಅವು ಇವೆ. ಮೂರ್ಛೆಯ ಮೂರ್ತರೂಪ ಇದೇ. ನುಡಿಸದ ವಾದ್ಯ ಸುರಕ್ಷಿತವೂ ಅಲ್ಲ: ತಿದಿ ಬಿರುಸಾಗುತ್ತದೆ, ರೀಡುಗಳಲ್ಲಿ ಧೂಳು ಕೂರುತ್ತದೆ, ಚರ್ಮಕ್ಕೆ ಹುಳು ಬೀಳುತ್ತದೆ. ಬಸದಿಯ ಪಾಠಶಾಲೆಯಲ್ಲಿ ಹದಿನೈದು ಮಕ್ಕಳು ಒಂದು ಪೆಟ್ಟಿಗೆಯ ಸುತ್ತ ಕುಳಿತು ಸ್ತೋತ್ರ ಕಲಿಯುತ್ತಿರುವಾಗ ಇನ್ನೊಂದು ಪೆಟ್ಟಿಗೆ ಹೀಗೆ ಸಾಯುತ್ತಿದ್ದರೆ ಆ ಮನೆಯವರು ಪರಿಗ್ರಹ ಪರಿಮಾಣ ವ್ರತದ ಮಾತನ್ನು ಆಡುವಂತಿಲ್ಲ. ಅಂಥವರಿಗೂ ಎರವಲು ಕೊಡಿರೆಂದು ಹೇಳಬೇಕಾಗಿಲ್ಲ. ದಾನವನ್ನೇ ಮಾಡಿರೆಂದು ಹೇಳಬೇಕು.

ದಾನಕ್ಕೂ ಎರವಲಿಗೂ ಇರುವ ಅಂತರವನ್ನು ಮರೆತದ್ದೇ ಎಲ್ಲ ಗೊಂದಲಕ್ಕೂ ಕಾರಣ. ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಕನ್ನಡ ನಾಡು ಸಾವಿರ ವರ್ಷಗಳಿಂದ ನೆನೆಯುತ್ತ ಬಂದಿದೆ. ಲಕ್ಕುಂಡಿಯ ಬ್ರಹ್ಮಜಿನಾಲಯದಲ್ಲಿರುವ 1007ರ ಶಾಸನ ಆಕೆಯ ಕೀರ್ತಿಯನ್ನು ಸಾರುತ್ತದೆ. ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಆ ಮಹಾತಾಯಿ ಒಂದೇ ಓಲೆಕಟ್ಟನ್ನು ಸಾವಿರ ಮನೆಗಳಿಗೆ ಎರವಲು ಕಳುಹಿಸಲಿಲ್ಲ. ಆಕೆ ಕೊಟ್ಟದ್ದು ಕೊಟ್ಟೇಹೋಯಿತು. ಪಡೆದವನಿಗೆ ಹಿಂದಿರುಗಿಸುವ ಚಿಂತೆಯಿಲ್ಲ, ಕೊಟ್ಟವಳಿಗೆ ಕಾಯುವ ಸಂಕಟವಿಲ್ಲ. ದಾನವು ಮಮತೆಯನ್ನು ಕತ್ತರಿಸುತ್ತದೆ. ಎರವಲಿನಲ್ಲಿ ಮಮತೆ ಒಡೆಯನಲ್ಲಿಯೇ ಉಳಿದು ವಸ್ತು ಮಾತ್ರ ಊರು ಸುತ್ತುತ್ತದೆ. ಎರವಲು ಪಾಪವೇನೂ ಅಲ್ಲ. ಆದರೆ ಅದು ದಾನವಲ್ಲ, ವ್ಯವಹಾರ. ವ್ಯವಹಾರವನ್ನು ವ್ಯವಹಾರದ ನಿಯಮದಿಂದಲೇ ನಡೆಸತಕ್ಕದ್ದು.

ಆ ನಿಯಮಗಳೂ ಹೊಸದಾಗಿ ಹುಟ್ಟಬೇಕಾಗಿಲ್ಲ. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದುವ 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಬೇಲ್‌ಮೆಂಟ್ ಎಂಬ ಅಧ್ಯಾಯವಿದೆ. ಬಾಡಿಗೆಯಿಲ್ಲದೆ ಸ್ನೇಹದಿಂದ ಕೊಟ್ಟ ವಸ್ತುವೂ ಅದರ ವ್ಯಾಪ್ತಿಗೆ ಬರುತ್ತದೆ. 150ನೆಯ ಕಲಮಿನಂತೆ ಕೊಡುವವನು ತನಗೆ ತಿಳಿದಿರುವ ದೋಷವನ್ನು ಹೇಳಿಯೇ ಕೊಡಬೇಕು. ವಿದ್ಯುತ್ ತಾಗುವ ಆಂಪ್ಲಿಫೈಯರನ್ನು ಸುಮ್ಮನೆ ಕೊಟ್ಟರೆ ಹೊಣೆ ಅವನದು. 151ರಂತೆ ಪಡೆದವನು ಸಾಮಾನ್ಯ ವಿವೇಕಿಯೊಬ್ಬನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಳ್ಳಬೇಕು. 154ರಂತೆ ಒಪ್ಪಿಕೊಂಡ ಉದ್ದೇಶವನ್ನು ಮೀರಿ ಬಳಸಿದರೆ, ಅದರಿಂದ ಆದ ಹಾನಿಯನ್ನು ತುಂಬಿಕೊಡಬೇಕು. ಎರವಲು ತಂದ ಹಾರ್ಮೋನಿಯಮನ್ನು ಭಾವಮೈದುನನಿಗೆ ಮತ್ತೆ ಎರವಲು ಕೊಡುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. 160ರಂತೆ ಅವಧಿ ಮುಗಿದ ಕೂಡಲೇ, ಕೇಳದಿದ್ದರೂ, ಹಿಂದಿರುಗಿಸಬೇಕು. 'ನೀವು ಕೇಳಲೇ ಇಲ್ಲವಲ್ಲ' ಎಂಬ ನೆವ ಕಾಯಿದೆಯಲ್ಲಿಯೂ ನಡೆಯುವುದಿಲ್ಲ, ಸತ್ಯಾಣುವ್ರತದಲ್ಲಿಯೂ ನಡೆಯುವುದಿಲ್ಲ. ಸ್ನೇಹಿತನನ್ನು ನ್ಯಾಯಾಲಯಕ್ಕೆ ಎಳೆಯಬೇಕೆಂದು ಇದರ ಅರ್ಥವಲ್ಲ. ಲೌಕಿಕ ಕಾಯಿದೆಯು ಅಪರಿಚಿತರಿಂದ ನಿರೀಕ್ಷಿಸುವಷ್ಟನ್ನು ಸಾಧರ್ಮಿಗಳು ಒಬ್ಬರಿಗೊಬ್ಬರು ಸಲ್ಲಿಸದಿದ್ದರೆ ಅದು ನಾಚಿಕೆಗೇಡು ಎಂದಷ್ಟೇ ಅರ್ಥ.

'ಗೆಳೆಯರ ನಡುವೆ ಚೀಟಿ ಬರೆಯುವುದೆಂದರೆ ಅಪನಂಬಿಕೆಯಲ್ಲವೆ?' ಎಂಬ ಆಕ್ಷೇಪವು ಕೂಡಲೇ ಬರುತ್ತದೆ. ಪ್ರತಿಕ್ರಮಣ ಮಾಡುವ ಶ್ರಾವಕನು ತನ್ನ ಆತ್ಮದ ಲೆಕ್ಕವನ್ನೇ ತಾನು ಪ್ರತಿದಿನ ತೆಗೆದು ನೋಡುತ್ತಾನೆ. ತನ್ನ ಮೇಲೆ ಅಪನಂಬಿಕೆಯಿಂದಲೆ? ಮರೆವು ಮನುಷ್ಯನ ಸ್ವಭಾವವೆಂದು ತಿಳಿದಿರುವುದರಿಂದ. ಅಂಗಡಿಯಿಂದ ಸ್ವಂತ ತಮ್ಮನು ಒಯ್ದ ಸರಕನ್ನೂ ರೋಜುಕೀರ್ದಿಯಲ್ಲಿ ಬರೆಯುವುದು ವ್ಯಾಪಾರದ ಮರ್ಯಾದೆ. ಬರೆದಿಟ್ಟದ್ದರಿಂದ ಅಣ್ಣತಮ್ಮಂದಿರ ಮನೆ ಒಡೆದ ಉದಾಹರಣೆ ಕಡಿಮೆ. ಬರೆಯದೆ ಬಿಟ್ಟದ್ದರಿಂದ ಒಡೆದದ್ದು ಬೀದಿಬೀದಿಗೂ ಇದೆ. ಯಾವ ದಿನ ಒಯ್ದದ್ದು, ಯಾವ ದಿನ ತರುವುದು, ಜೊತೆಗೆ ಏನೇನು ಹೋಯಿತು ಎಂಬ ಮೂರು ಸಾಲುಗಳ ಚೀಟಿ ಗೆಳೆತನವನ್ನು ಅವಮಾನಿಸುವುದಿಲ್ಲ. ನಾಳೆಯ ಸಂಶಯದಿಂದ ಅದನ್ನು ಕಾಪಾಡುತ್ತದೆ.

ಆದ್ದರಿಂದ ವಾದ್ಯವನ್ನು ಕೇಳಿಕೊಂಡು ಬಂದವರಿಗೆ ಗೃಹಸ್ಥನು ಹೇಳಬಹುದಾದ ಪ್ರಾಮಾಣಿಕ ಉತ್ತರಗಳು ನಾಲ್ಕು. ಒಂದು: 'ಇದು ನನಗೆ ಬೇಡವಾಗಿದೆ, ನೀವೇ ಇಟ್ಟುಕೊಳ್ಳಿ.' ಎರಡು: 'ಇಂಥ ದಿನದವರೆಗೆ ಒಯ್ಯಿರಿ, ನುಡಿಸಿ ನೋಡಿ ಕೊಡುತ್ತೇನೆ, ನುಡಿಸಿ ನೋಡಿ ಪಡೆಯುತ್ತೇನೆ.' ಮೂರು: 'ವಾದ್ಯ ಹೊರಗೆ ಹೋಗುವುದಿಲ್ಲ, ನೀವು ಇಲ್ಲಿಗೆ ಬಂದು ಅಭ್ಯಾಸ ಮಾಡಿ', ಅಥವಾ 'ವಾದ್ಯದ ಜೊತೆಗೆ ನಾನೂ ಬರುತ್ತೇನೆ.' ನಾಲ್ಕು: 'ಈಗ ಆಗುವುದಿಲ್ಲ.' ಈ ನಾಲ್ಕರಲ್ಲಿ ಯಾವುದೂ ಅಧರ್ಮವಲ್ಲ. ಮೂರನೆಯದು ಎಲ್ಲಕ್ಕಿಂತ ಸುಂದರವಾದದ್ದು: ವಾದ್ಯವೂ ಉಳಿಯುತ್ತದೆ, ವಿದ್ಯೆಯೂ ಹಬ್ಬುತ್ತದೆ, ಮನೆಗೆ ಮನುಷ್ಯರ ಬರವೂ ಆಗುತ್ತದೆ. ಶ್ರುತಿಯೊಂದೇ ಬೇಕಾದವರಿಗೆ ಇಂದು ವಿದ್ಯುತ್ ತಂಬೂರಿಯೂ ಮೊಬೈಲಿನ ತಂಬೂರಿಯೂ ಸುಲಭವಾಗಿರುವಾಗ, ಮರದ ತಂಬೂರಿಯನ್ನು ಊರಿಂದೂರಿಗೆ ಹೊರುವ ಅಗತ್ಯವೂ ಕಡಿಮೆಯಾಗಿದೆ. ಬಡ ವಿದ್ಯಾರ್ಥಿಯೊಬ್ಬನು ನಿಜವಾದ ಹಂಬಲದಿಂದ ಬಂದಾಗ ಮಾತ್ರ ನಾಲ್ಕನೆಯ ಉತ್ತರವನ್ನು ಬಳಸುವ ಮೊದಲು ಎರಡು ಸಲ ಯೋಚಿಸತಕ್ಕದ್ದು. ಬೇಡವೆನ್ನಬೇಕಾದದ್ದು ಐದನೆಯ ಉತ್ತರವನ್ನು: ಬಾಯಲ್ಲಿ ಹೂಂ, ಹೊಟ್ಟೆಯಲ್ಲಿ ಉರಿ.

ಕೊನೆಗೆ ಬಸದಿಗಳ ಆಡಳಿತ ಮಂಡಳಿಗಳ ಮಾತು. ಮನೆಯ ವಾದ್ಯವನ್ನು ಕೊಡುವ ಬಿಡುವ ಸ್ವಾತಂತ್ರ್ಯ ಒಡೆಯನಿಗಿದೆ. ಬಸದಿಯ ವಾದ್ಯಕ್ಕೆ ಟ್ರಸ್ಟಿಯು ಒಡೆಯನಲ್ಲ. ತೀರ್ಥಂಕರರ ಅಷ್ಟಪ್ರಾತಿಹಾರ್ಯಗಳಲ್ಲಿ ದೇವದುಂದುಭಿಯೂ ಒಂದು; ಜಿನಪೂಜೆಯಲ್ಲಿ ವಾದ್ಯಕ್ಕೆ ಇರುವ ಸ್ಥಾನ ಅಂಥದು. ಭಕ್ತರು ಪೂಜೆಗೆಂದು ಅರ್ಪಿಸಿದ ಹಾರ್ಮೋನಿಯಂ, ಜಾಗಟೆ, ಧ್ವನಿವರ್ಧಕಗಳು ದೇವದ್ರವ್ಯ. ಅವುಗಳನ್ನು ಗೆಳೆಯನ ಮಗನ ಮದುವೆಯ ಆರತಕ್ಷತೆಗೆ ಕಳುಹಿಸಿಕೊಟ್ಟು ಉದಾರಿಯೆನಿಸಿಕೊಳ್ಳುವ ಪದಾಧಿಕಾರಿಯು ಅತ್ತೆಯ ಒಡವೆಯನ್ನು ದಾನ ಮಾಡಿದ ಅಳಿಯನ ಸಾಲಿಗೆ ಸೇರುತ್ತಾನೆ. ಅಂದು ಸಂಜೆ ಪಾಠಶಾಲೆಗೆ ಬಂದ ಮಕ್ಕಳು ವಾದ್ಯವಿಲ್ಲದೆ ಮರಳಿಹೋಗುತ್ತಾರೆ. ಅವರ ಪರವಾಗಿ ವಾದಿಸುವವರು ಸಭೆಯಲ್ಲಿ ಇರುವುದಿಲ್ಲ.

ಪರಿಹಾರ ಕಷ್ಟವಾದದ್ದಲ್ಲ. ಪ್ರತಿಯೊಂದು ಬಸದಿಯೂ ವಾದ್ಯಗಳಿಗೆ ಒಂದು ದಾಸ್ತಾನು ಪುಸ್ತಕವನ್ನು ಇಡಬೇಕು: ಯಾವ ವಾದ್ಯ, ಯಾರು ಅರ್ಪಿಸಿದ್ದು, ಯಾವ ವರ್ಷ, ಈಗಿನ ಸ್ಥಿತಿ. ಹೊರಗೆ ಕೊಡುವುದಿಲ್ಲವೆಂಬುದೇ ಸಾಮಾನ್ಯ ನಿಯಮವಾಗಿರಬೇಕು. ಧಾರ್ಮಿಕ ಕಾರ್ಯಕ್ಕೆ ಕೊಡುವುದಾದರೆ ಮಂಡಳಿಯ ಠರಾವು, ಹಿಂದಿರುಗಿಸುವ ದಿನ, ಇಬ್ಬರ ಸಹಿ ಇರಬೇಕು; ಅಧ್ಯಕ್ಷರೇ ಒಯ್ಯುವುದಾದರೂ ಸಹಿ ತಪ್ಪಬಾರದು. ಧ್ವನಿವರ್ಧಕವನ್ನು ಅದನ್ನು ಬಲ್ಲವರ ಜೊತೆಗಲ್ಲದೆ ಕಳುಹಿಸಬಾರದು. ಪಡೆದವರು ಕೊಡುವ ಕಾಣಿಕೆಯು ದುರಸ್ತಿಯ ನಿಧಿಗೇ ಹೋಗಬೇಕು. ದಶಲಕ್ಷಣ ಪರ್ವ ಮತ್ತು ಮಹಾವೀರ ಜಯಂತಿಯ ದಿನಗಳಲ್ಲಿ ಯಾವ ವಾದ್ಯವೂ ಬಸದಿಯ ಹೊಸ್ತಿಲನ್ನು ದಾಟಬಾರದು. ಮಕ್ಕಳ ಪಾಠದ ವೇಳೆಗೆ ಮೊದಲ ಹಕ್ಕು ಮಕ್ಕಳದೇ ಆಗಿರಬೇಕು.

ಇನ್ನೂ ಒಂದು ಕರ್ತವ್ಯ ಉಳಿದಿದೆ. ಅದಕ್ಕೆ ಠರಾವು ಬೇಕಾಗಿಲ್ಲ. ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಯ ದಿನ ಜೈನರು ಮನೆಮನೆಗೆ ಹೋಗಿ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ಆ ದಿನಕ್ಕೆ ಒಂದು ವಾರ ಮುಂಚೆ ಪ್ರತಿಯೊಬ್ಬ ಗೃಹಸ್ಥನೂ ತನ್ನ ಅಟ್ಟವನ್ನು ಹತ್ತಿ ನೋಡಲಿ. ಅಲ್ಲಿ ಬೇರೊಬ್ಬರ ತಬಲವೋ ಶ್ರುತಿಪೆಟ್ಟಿಗೆಯೋ ಮೈಕಿನ ಕಂಬವೋ ಇದ್ದರೆ ಕೆಳಗಿಳಿಸಿ, ಧೂಳು ಒರೆಸಿ, ಹರಿದಿದ್ದರೆ ಹರಿದಿದೆಯೆಂದು ಬಾಯಿಬಿಟ್ಟು ಹೇಳಿ, ದುರಸ್ತಿಯ ಹಣದೊಂದಿಗೆ ಒಡೆಯನ ಮನೆಗೆ ಮುಟ್ಟಿಸಲಿ. ಆ ಮೇಲೆ ಕ್ಷಮೆ ಕೇಳಲಿ. ವಸ್ತುವನ್ನು ಅಟ್ಟದ ಮೇಲೆ ಉಳಿಸಿಕೊಂಡು ಬರಿಗೈಯನ್ನು ಜೋಡಿಸಿದರೆ ಆ ಕ್ಷಮೆಯೂ ಎರವಲಿನದೇ ಆಗುತ್ತದೆ.